ಮೂರು ರಾತ್ರಿಯ ಶಿಬಿರ, ನಚಿಕೇತನ ಮೊದಲ ವರ

ಧಾರವಾಡದ ಮಗಳು, ಕೋಥ್ರೂಡ್

ಎಲ್ಲರಿಗೂ ನಮಸ್ಕಾರ. ಪುಣೆಗೆ ಬಂದು ಹದಿನಾಲ್ಕು ವರ್ಷ ಆಯಿತು. ಈ ಗುಂಪಿನಲ್ಲಿ ದಿನಾ ಓದುತ್ತೇನೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ.

ಹೋದ ವರ್ಷ ಅಮ್ಮ ತೀರಿಕೊಂಡಳು. ಧಾರವಾಡದಿಂದ ಅವಳನ್ನು ಇಲ್ಲಿಗೆ ಕರೆತಂದವಳು ನಾನೇ. ಇಲ್ಲಿ ದೊಡ್ಡ ಆಸ್ಪತ್ರೆ ಇದೆ, ನಾನೂ ಹತ್ತಿರ ಇರುತ್ತೇನೆ ಅಂತ. ನ್ಯುಮೋನಿಯಾ ಜಾಸ್ತಿ ಆಗಿ ವೆಂಟಿಲೇಟರ್ ಹಾಕಬೇಕು ಎಂದಾಗ ಅಪ್ಪ ಬೇಡ ಎಂದರು. ಮನೆಗೆ ಕರೆದುಕೊಂಡು ಹೋಗೋಣ, ಅವಳ ದೇವರ ಮನೆ ಎದುರಿಗೆ ಮಲಗಿಸೋಣ ಎಂದರು. ನಾನು ಕೇಳಲಿಲ್ಲ, ಸಹಿ ಹಾಕಿದೆ. ಒಂಬತ್ತನೇ ದಿನ ಅಮ್ಮ ಹೋದಳು. ಆ ಒಂಬತ್ತು ದಿನ ಅಪ್ಪ ಅವಳನ್ನು ಗಾಜಿನ ಈಚೆಯಿಂದ ನೋಡಿದ್ದಷ್ಟೇ. ಕೊನೆಗೆ ನನಗೆ ಹೇಳಿದ್ದು ಒಂದೇ ಮಾತು: "ಅಕಿನ್ನ ನೀ ಮಷೀನಿಗೆ ಕೊಟ್ಟಿ."

ಅದಾದ ಮೇಲೆ ಹನ್ನೊಂದು ತಿಂಗಳು ನಾವಿಬ್ಬರೂ ಸರಿಯಾಗಿ ಮಾತಾಡಿಲ್ಲ. ಔಷಧಿ ತಗೊಂಡ್ರಾ, ಕೆಲಸದವಳು ಬಂದಿದ್ದಳಾ, ಅಷ್ಟೇ.

ಐಸಿಯುಗೆ ಸೇರಿಸುವಾಗ ನರ್ಸ್ ಅಮ್ಮನ ಹಸಿರು ಬಳೆಗಳನ್ನು ಸಾಬೂನು ಹಚ್ಚಿ ಒಂದೊಂದಾಗಿ ತೆಗೆದಿದ್ದಳು. ಬೆಡ್ ನಂಬರ್ ಬರೆದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟಳು. ಆ ಚೀಲ ಇನ್ನೂ ನನ್ನ ಪರ್ಸಿನಲ್ಲಿದೆ. ಕಪಾಟಿನಲ್ಲಿ ಇಡಲೂ ಆಗಿಲ್ಲ, ಅಪ್ಪನಿಗೆ ಕೊಡಲೂ ಆಗಿಲ್ಲ.

ಹೋದ ತಿಂಗಳು ಮುಳಶಿ ಕಡೆಯ ಒಂದು ಆಶ್ರಮದಲ್ಲಿ ಕಠೋಪನಿಷತ್ತಿನ ಶಿಬಿರಕ್ಕೆ ಹೋಗಿದ್ದೆ. ಮೂರು ರಾತ್ರಿ, ಪೂರ್ತಿ ಮೌನ. ಫೋನ್ ಆಫೀಸಿನಲ್ಲಿ ಕೊಟ್ಟುಬಿಡಬೇಕು. ಪ್ರಶ್ನೆ ಇದ್ದರೆ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು. ಆತ್ಮ ಅಂದರೆ ಏನು, ಸತ್ತ ಮೇಲೆ ಏನು ಉಳಿಯುತ್ತದೆ, ಇದನ್ನು ತಿಳಿಯಬೇಕು ಅಂತಲೇ ಹೋಗಿದ್ದೆ. ಅಮ್ಮ ಎಲ್ಲಿದ್ದಾಳೆ ಅಂತ ಯಾರಾದರೂ ಹೇಳಲಿ ಅನ್ನುವುದು ಒಳಗಿನ ಆಸೆ.

ಕಥೆ ನಿಮಗೆಲ್ಲ ಗೊತ್ತಿರುತ್ತದೆ. ವಾಜಶ್ರವಸ ಯಜ್ಞ ಮಾಡಿ ಎಲ್ಲವನ್ನೂ ದಾನ ಕೊಡುತ್ತಿರುತ್ತಾನೆ. ಮಗ ನಚಿಕೇತ ನೋಡುತ್ತಾನೆ, ಕೊಡುತ್ತಿರುವುದು ಮುದಿ ಹಸುಗಳನ್ನು. ಕುಡಿಯುವ ನೀರು ಕುಡಿದು ಮುಗಿದಿದೆ, ಮೇಯುವ ಹುಲ್ಲು ಮೇದು ಮುಗಿದಿದೆ, ಹಾಲು ಬತ್ತಿದೆ. ಹುಡುಗನಿಗೆ ಕಸಿವಿಸಿ. ನನ್ನನ್ನು ಯಾರಿಗೆ ಕೊಡುತ್ತೀಯಪ್ಪ ಎಂದು ಮತ್ತೆ ಮತ್ತೆ ಕೇಳುತ್ತಾನೆ. ಅಪ್ಪ ಸಿಟ್ಟಿನಲ್ಲಿ, ಸಾವಿಗೆ ಕೊಡುತ್ತೇನೆ ಹೋಗು ಎಂದುಬಿಡುತ್ತಾನೆ. ಹುಡುಗ ಹೋಗುತ್ತಾನೆ. ಯಮ ಮನೆಯಲ್ಲಿಲ್ಲ. ಅನ್ನ ನೀರಿಲ್ಲದೆ ಮೂರು ರಾತ್ರಿ ಕಾಯುತ್ತಾನೆ. ಬಂದ ಯಮ ಅತಿಥಿಯನ್ನು ಉಪವಾಸ ಕೂರಿಸಿದ್ದಕ್ಕೆ ನೊಂದುಕೊಂಡು, ಒಂದು ರಾತ್ರಿಗೆ ಒಂದರಂತೆ ಮೂರು ವರ ಕೊಡುತ್ತೇನೆ ಎನ್ನುತ್ತಾನೆ.

ನನಗೆ ನೆನಪಿದ್ದದ್ದು ಮೂರನೇ ವರ ಮಾತ್ರ. ಮನುಷ್ಯ ಸತ್ತ ಮೇಲೆ ಇದ್ದಾನೆ ಎನ್ನುತ್ತಾರೆ ಕೆಲವರು, ಇಲ್ಲ ಎನ್ನುತ್ತಾರೆ ಕೆಲವರು, ನಿಜ ಯಾವುದು ಹೇಳು ಅನ್ನುವುದು. ಎರಡನೇ ದಿನ ಸ್ವಾಮೀಜಿ ಮೊದಲ ವರದ ಹತ್ತಿರವೇ ನಿಂತುಬಿಟ್ಟರು. ಯಮನೇ ಎದುರಿಗಿದ್ದಾನೆ, ಏನು ಬೇಕಾದರೂ ಕೇಳಬಹುದು. ಹುಡುಗ ಮೊದಲು ಕೇಳಿದ್ದು ಏನು? ನಮ್ಮಪ್ಪನ ಚಿಂತೆ ಕಳೆಯಲಿ, ಸಿಟ್ಟು ಇಳಿಯಲಿ, ನೀನು ನನ್ನನ್ನು ವಾಪಸ್ ಕಳಿಸಿದಾಗ ಅಪ್ಪ ನನ್ನ ಗುರುತು ಹಿಡಿದು ಮಾತಾಡಿಸಲಿ. ಅಷ್ಟೇ. ಯಮ ಆಗಲಿ ಎಂದು, ಕೇಳದೇ ಇದ್ದ ಇನ್ನೊಂದನ್ನೂ ಸೇರಿಸಿ ಕೊಡುತ್ತಾನೆ: ನಿಮ್ಮಪ್ಪ ಇನ್ನು ರಾತ್ರಿ ಸುಖವಾಗಿ ನಿದ್ದೆ ಮಾಡುತ್ತಾನೆ.

ಆ ಸಾಲು ಕೇಳಿದ ಮೇಲೆ ನನಗೆ ಬೇರೇನೂ ಕೇಳಿಸಲಿಲ್ಲ. ನಮ್ಮಪ್ಪ ಮಂಚದ ಮೇಲೆ ಮಲಗಿ ಹನ್ನೊಂದು ತಿಂಗಳಾಗಿದೆ. ಪಡಸಾಲೆಯ ಆರಾಮ ಕುರ್ಚಿಯಲ್ಲೇ ಕೂತು ರಾತ್ರಿ ಕಳೆಯುತ್ತಾರೆ ಎಂದು ಪಕ್ಕದ ಮನೆ ಕಾಕು ಎಷ್ಟೋ ಸಲ ಫೋನಿನಲ್ಲಿ ಹೇಳಿದ್ದರು. ನಾನು ಬೆನ್ನುನೋವು ಇರಬೇಕು ಅಂದುಕೊಂಡಿದ್ದೆ. ಬೆಲ್ಟ್ ಕಳಿಸಿದ್ದೆ.

ಜೀವ, ಸಾವು, ನಾನು ಯಾರು ಅಂತ ಹುಡುಕಿಕೊಂಡು ಹೋದವಳು ನಾನು. ಉಪನಿಷತ್ತೇ ನನ್ನನ್ನು ತಿರುಗಿಸಿ ಮನೆ ಬಾಗಿಲಿಗೆ ತಂದು ನಿಲ್ಲಿಸಿದೆ ಅನ್ನಿಸಿತು. ನಿಮ್ಮಲ್ಲಿ ಯಾರಾದರೂ ಇಂಥ ಶಿಬಿರಕ್ಕೆ ಹೋಗಿದ್ದೀರಾ? ನಿಮಗೆ ಏನಾಯಿತು, ಬರೆಯಿರಿ.

ಡೊಂಬಿವಲಿ ಮಾಮ

ಮಗಳೇ, ಓದಿ ಮನಸ್ಸು ಭಾರವಾಯಿತು. ಆದರೆ ನನ್ನ ಅಭಿಪ್ರಾಯ ಬೇರೆ. ನಮ್ಮ ಹಿರಿಯರು ಶಿಬಿರವನ್ನು ಮನೆಯಲ್ಲೇ ಕಟ್ಟಿಕೊಟ್ಟಿದ್ದರು. ಹದಿಮೂರು ದಿನದ ಸೂತಕ ಅಂದರೆ ಅದೇ ಅಲ್ವಾ?

1988ರಲ್ಲಿ ನನ್ನ ತಂದೆ ಹೋದಾಗ ನಾಲ್ಕು ಜನ ಅಣ್ಣತಮ್ಮಂದಿರು ಒಂದೇ ಕೋಣೆಯಲ್ಲಿ ಚಾಪೆ ಹಾಸಿ ಮಲಗಿದ್ದೆವು. ಹೋಟೆಲು ಮುಚ್ಚಿತ್ತು. ಕ್ಷೌರ ಇಲ್ಲ, ಟಿವಿ ಇಲ್ಲ, ಒಂದೇ ಹೊತ್ತು ಊಟ. ಮೊದಲ ಮೂರು ದಿನ ಯಾರೂ ಮಾತಾಡಲಿಲ್ಲ. ಆರನೇ ದಿನದ ಹೊತ್ತಿಗೆ ಅಂಗಡಿಯ ಪಾಲಿನ ಜಗಳ ಎದ್ದಿತು. ಜಗಳ ಆಡಿ ಎಲ್ಲಿಗೆ ಹೋಗುವುದು? ಮತ್ತೆ ಅದೇ ಚಾಪೆ. ಹತ್ತನೇ ದಿನ ಪಿಂಡ ಇಟ್ಟು ಕಾಗೆ ಬರಲಿ ಅಂತ ನಾಲ್ಕೂ ಜನ ಕಾದು ನಿಂತಾಗ ದೊಡ್ಡಣ್ಣ ನನ್ನ ಹೆಗಲ ಮೇಲೆ ಕೈ ಇಟ್ಟ. ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿಯುವ ಹೊತ್ತಿಗೆ ಜಗಳವೂ ಮುಗಿದಿತ್ತು.

ಈಗ ಮೂರೇ ದಿನಕ್ಕೆ ಮುಗಿಸುತ್ತಾರೆ. ರಜೆ ಇಲ್ಲ, ಕೋಣೆ ಇಲ್ಲ, ಸೊಸೈಟಿಯವರು ಒಪ್ಪುವುದಿಲ್ಲ. ಮುಗಿಯದೆ ಉಳಿದ ದಿನಗಳು ಎಲ್ಲಿ ಹೋಗುತ್ತವೆ? ನೀವು ಎಷ್ಟು ದಿನ ಮಾಡಿದಿರಿ?

ಧಾರವಾಡದ ಮಗಳು, ಕೋಥ್ರೂಡ್

ಮಾಮ, ಕ್ರಿಯೆ ಎಲ್ಲ ಶಾಸ್ತ್ರದ ಪ್ರಕಾರವೇ ಆಯಿತು, ಧಾರವಾಡದಲ್ಲಿ. ನಾನು ಐದನೇ ದಿನ ಪುಣೆಗೆ ಬಂದೆ. ಆಫೀಸಿನಲ್ಲಿ ಒಂದು ಕೆಲಸ ಅರ್ಧಕ್ಕೆ ನಿಂತಿತ್ತು. ಹದಿಮೂರಕ್ಕೆ ಮತ್ತೆ ಹೋದೆ. ನೀವು ಕೇಳಿದ ಆ ನಡುವಿನ ದಿನಗಳನ್ನೇ ಮುಳಶಿಯಲ್ಲಿ ತೀರಿಸಿದೆನೇನೋ.

ಖರಾಡಿ ಹುಡುಗ

ಅಕ್ಕ, ನಿಮಗೆ ಒಳ್ಳೆಯದಾಗಿದೆ, ಖುಷಿ. ಆದರೆ ನನ್ನ ಅನುಭವ ಕೇಳಿ, ಯಾಕೆಂದರೆ ಇದನ್ನು ಓದಿ ನಾಳೆಯೇ ಹೆಸರು ಹಚ್ಚುವವರು ಇರುತ್ತಾರೆ.

ನಾನು ಬೇರೆ ಒಂದು ಶಿಬಿರಕ್ಕೆ ಹೋಗಿದ್ದೆ. ಜಾಗದ ಹೆಸರು ಬೇಡ. ಎರಡನೇ ರಾತ್ರಿ ದೀಪ ಆರಿಸಿ ಎಲ್ಲರನ್ನೂ ಅಂಗಾತ ಮಲಗಿಸಿದರು. ನೀನು ಸತ್ತಿದ್ದೀಯ, ಚಿತೆಯ ಮೇಲಿದ್ದೀಯ, ಕಾಲಿನಿಂದ ಬೆಂಕಿ ಹತ್ತುತ್ತಿದೆ, ನೋಡು ಎಂದರು. ಆರು ತಿಂಗಳ ಹಿಂದೆ ನನ್ನ ರೂಮ್‌ಮೇಟ್ ಬೈಕ್ ಅಪಘಾತದಲ್ಲಿ ಹೋಗಿದ್ದ. ಅವನ ದೇಹ ಗುರುತಿಸಿದವನು ನಾನು. ನನಗೆ ಚಿತೆಯ ಮೇಲೆ ನಾನು ಕಾಣಲಿಲ್ಲ, ಅವನು ಕಂಡ. ಎದೆ ಹೊಡೆದುಕೊಂಡು, ಉಸಿರು ಸಿಕ್ಕಿಹಾಕಿಕೊಂಡು, ಕೂಗಿಕೊಂಡು ಎದ್ದೆ. ಹೊರಗೆ ಕರೆದುಕೊಂಡು ಹೋಗಿ ನೀರು ಕೊಟ್ಟವನು ಅಲ್ಲಿನ ಅಡುಗೆಯವನು. ಅಹಂಕಾರ ಕರಗುವಾಗ ಹೀಗೇ ಆಗುತ್ತದೆ, ಒಳಗೆ ಬನ್ನಿ ಎಂದರು ಶಿಬಿರದವರು. ನಾನು ಬೆಳಿಗ್ಗೆ ಮೊದಲ ಬಸ್ ಹಿಡಿದೆ.

ಎರಡು ತಿಂಗಳು ನಿದ್ದೆ ಇರಲಿಲ್ಲ. ಕೊನೆಗೆ ಮನೋವೈದ್ಯರ ಹತ್ತಿರ ಹೋದೆ, ಈಗ ಚೆನ್ನಾಗಿದ್ದೇನೆ. ಯಾರೇ ಆಗಲಿ, ಸಾವಿನ ಧ್ಯಾನ ಮಾಡಿಸುವ ಮೊದಲು ಮನೆಯಲ್ಲಿ ಇತ್ತೀಚೆಗೆ ಸಾವಾಗಿದೆಯಾ ಎಂದು ಒಂದು ಮಾತು ಕೇಳಬೇಕು. ರಾತ್ರಿ ಹೊತ್ತು ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೂ ಮಾತಾಡುತ್ತಾರೆ. ನಾನು ಮಾತಾಡಿದ್ದೇನೆ.

ಧಾರವಾಡದ ಮಗಳು, ಕೋಥ್ರೂಡ್

ತಮ್ಮಾ, ಇದನ್ನು ಬರೆದದ್ದು ಬಹಳ ಒಳ್ಳೆಯದಾಯಿತು. ನಮ್ಮಲ್ಲಿ ಅಂಥದ್ದೇನೂ ಮಾಡಿಸಲಿಲ್ಲ. ಓದು, ಮೌನ, ನಡಿಗೆ, ನಮ್ಮ ತಟ್ಟೆ ನಾವೇ ತೊಳೆಯುವುದು. ಹೆಸರು ಬರೆಸುವಾಗಲೇ ಇತ್ತೀಚಿನ ಸಾವು, ಮಾತ್ರೆ, ನಿದ್ದೆ ಎಲ್ಲ ಕೇಳಿದ್ದರು. ನಾನು ಅಮ್ಮನ ವಿಷಯ ಬರೆದಿದ್ದಕ್ಕೆ ಒಬ್ಬ ಹಿರಿಯ ತಾಯಿಯನ್ನು ನನ್ನ ಪಕ್ಕದ ಕೋಣೆಗೆ ಹಾಕಿದ್ದರು. ಮೂರು ದಿನ ಅವರು ಒಂದು ಮಾತೂ ಆಡಲಿಲ್ಲ. ರಾತ್ರಿ ನಾನು ವರಾಂಡಕ್ಕೆ ಬಂದು ಕೂತರೆ ಅವರೂ ಬಂದು ಸುಮ್ನೆ ಕೂರುತ್ತಿದ್ದರು.

ಇಂಡಿ ತಾಲೂಕಿನವ, ಗಿರಗಾಂವ್

ತಂಗೀ, ಒಂದು ಮಾತು ಹೇಳಲಾ? ಮೊದಲ ವರದಲ್ಲೇ ಕೂತುಬಿಡಬೇಡ. ಅದು ಹೊಸ್ತಿಲು.

ಮೂರನೇ ವರ ಕೇಳಿದಾಗ ಯಮ ಹುಡುಗನಿಗೆ ಎಷ್ಟು ಆಸೆ ತೋರಿಸಿದ. ನೂರು ವರ್ಷ ಬಾಳುವ ಮಕ್ಕಳು ಮೊಮ್ಮಕ್ಕಳು, ಆನೆ, ಕುದುರೆ, ಬಂಗಾರ, ಬೇಕಾದಷ್ಟು ಆಯುಷ್ಯ. ಇದನ್ನೆಲ್ಲ ತಗೋ, ಸಾವಿನ ವಿಷಯ ಮಾತ್ರ ಕೇಳಬೇಡ ಎಂದ. ಹುಡುಗ ಜಗ್ಗಲಿಲ್ಲ. ನಿನ್ನ ಕುದುರೆ ನೀನೇ ಇಟ್ಟುಕೋ ಎಂದ. ಅಪ್ಪನ ಪ್ರೀತಿಯೂ ಒಂದು ದಿನ ಬಿಡಬೇಕಾದದ್ದೇ. ಬಿಡಲಾಗದ್ದು ಯಾವುದು ಅಂತ ಕೇಳುವುದು ಮುಖ್ಯ.

ನಮ್ಮದು ಇಂಚಗೇರಿ ಮಠದ ಮನೆತನ. ಈ ವಿಚಾರ ನಮ್ಮ ನೆಲದಲ್ಲೇ ಇದೆ ಅಂತ ಇಲ್ಲಿನ ಹುಡುಗರಿಗೆ ಗೊತ್ತಿಲ್ಲ, ಅದಕ್ಕೆ ಬರೆಯುತ್ತೇನೆ. ಉಮದಿಯ ಭಾವೂಸಾಹೇಬ ಮಹಾರಾಜರು ಇಂಚಗೇರಿಯಲ್ಲಿ ಮಠ ಕಟ್ಟಿದರು. 1914ರಲ್ಲಿ ದೇಹ ಬಿಟ್ಟರು. ಅವರ ಒಬ್ಬ ಶಿಷ್ಯರು ಜಮಖಂಡಿಯಲ್ಲಿ ಹುಟ್ಟಿದ ಗುರುದೇವ ರಾನಡೆ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಹೇಳಿದವರು. 1957ರಲ್ಲಿ ನಿಂಬಾಳದಲ್ಲಿ ತೀರಿಕೊಂಡರು. ಇನ್ನೊಬ್ಬ ಶಿಷ್ಯರು ಸಿದ್ಧರಾಮೇಶ್ವರ ಮಹಾರಾಜರು. ಅವರ ಶಿಷ್ಯರೇ ಮುಂಬಯಿಯ ನಿಸರ್ಗದತ್ತ ಮಹಾರಾಜರು. ಬೀಡಿ ಅಂಗಡಿ ಇಟ್ಟು ಸಂಸಾರ ಮಾಡಿದವರು. ನಾನಿರುವ ಮನೆಯಿಂದ ಅವರ ಖೇತವಾಡಿಗೆ ನಡೆದೇ ಹೋಗಬಹುದು.

ನಮ್ಮ ತಂದೆ ಅವರ ಮಾತು ಕೇಳಲು ಹೋಗುತ್ತಿದ್ದರು. ಮಹಾರಾಜರಿಗೆ ಗಂಟಲಿನ ಕ್ಯಾನ್ಸರ್ ಆಗಿತ್ತು. ಆದರೂ ಬಂದವರ ಜೊತೆ ಮಾತಾಡುತ್ತಿದ್ದರಂತೆ. 1981ರಲ್ಲಿ ಹೋದರು. ಅವರು ಹೇಳುತ್ತಿದ್ದುದರ ತಿರುಳು ಇಷ್ಟೇ: ನಾನು ಇಂಥವನ ಮಗ, ಇಂಥ ಊರಿನವ ಅನ್ನುವುದೆಲ್ಲ ಆಮೇಲೆ ಬಂದದ್ದು. ಅದಕ್ಕೂ ಮೊದಲು ಬರೀ 'ನಾನಿದ್ದೇನೆ' ಅನ್ನುವ ಅರಿವು ಇದೆ. ಅಲ್ಲಿ ನಿಲ್ಲು. ಹುಟ್ಟಿದ್ದು ಯಾವುದು, ಸಾಯುವುದು ಯಾವುದು ಅಲ್ಲಿಂದ ನೋಡು. ಇದಕ್ಕೆ ಶಿಬಿರವೇ ಬೇಕು ಅಂತಿಲ್ಲ. ನಮ್ಮ ತಂದೆ ಲೋಕಲ್ ಗಾಡಿಯಲ್ಲಿ ನಿಂತುಕೊಂಡೇ ಮಾಡುತ್ತಿದ್ದರು.

ಧಾರವಾಡದ ಮಗಳು, ಕೋಥ್ರೂಡ್

ಅಣ್ಣಾ, ನೀವು ಹೇಳಿದ್ದು ಸರಿ. ಮೂರನೇ ವರ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಆ ಹುಡುಗ ಅದನ್ನು ಯಾಕೆ ಮೂರನೆಯದಾಗಿ ಕೇಳಿದ? ಮೊದಲೇ ಕೇಳಬಹುದಿತ್ತಲ್ವಾ? ಅಪ್ಪನ ಮುಖ ಕಣ್ಣ ಮುಂದೆ ಇಟ್ಟುಕೊಂಡು ನಾನು ಯಾರು ಅಂತ ಕೇಳಲು ಕೂತರೆ, ನನಗೆ ಸಿಗುವ ಉತ್ತರ ಒಂದೇ. ನಾನು ಅಮ್ಮನನ್ನು ಮಷೀನಿಗೆ ಕೊಟ್ಟವಳು. ಅದನ್ನು ದಾಟಿ 'ನಾನಿದ್ದೇನೆ' ವರೆಗೆ ಹೋಗಲು ನನ್ನ ಕೈಲಿ ಆಗಲಿಲ್ಲ. ಮೂರು ದಿನ ಪ್ರಯತ್ನ ಮಾಡಿದೆ.

ಅಥಣಿಯವ, ಭೋಸರಿ

ನನಗೆ ಆ ಹಸುಗಳ ವಿಷಯ ಹೊಕ್ಕಿತು. ನಾನು ರೈತರ ಮನೆಯವ, ಹಾಲು ಬತ್ತಿದ ಆಕಳು ಹೇಗಿರುತ್ತದೆ ಗೊತ್ತು. ಊರಲ್ಲಿ ತಂದೆ ಒಬ್ಬರೇ ಇದ್ದಾರೆ. ನಾನು ಅವರಿಗೆ ಫೋನ್ ಮಾಡುವುದು ಕಾರ್ಖಾನೆಯಿಂದ ಮನೆಗೆ ಗಾಡಿ ಓಡಿಸುವಾಗ. ಸಿಗ್ನಲ್ ಬಿಟ್ಟರೆ ಇಡ್ತೀನಿ ಅಂತೀನಿ. ಬೇರೆ ಯಾವ ಕೆಲಸಕ್ಕೂ ಬಾರದ ಹೊತ್ತು ಅದು. ಕೊಡುತ್ತಿರುವುದು ಅದನ್ನೇ.

ಇವತ್ತು ಗಾಡಿ ನಿಲ್ಲಿಸಿ ಮಾತಾಡಿದೆ. ನಲವತ್ತು ನಿಮಿಷ.

ಮೋಶಿ ಅಕ್ಕ

ನಮ್ಮ ಮನೆಯಿಂದ ಆಳಂದಿ ಹತ್ತಿರ. ತಿಂಗಳಿಗೊಮ್ಮೆ ಹೋಗಿ ಅಜಾನ ವೃಕ್ಷದ ಕೆಳಗೆ ಕೂರುತ್ತೇನೆ, ಜನ ಅಲ್ಲಿ ಸಂತ ಜ್ಞಾನೇಶ್ವರರು ಗೀತೆಗೆ ಬರೆದ ಜ್ಞಾನೇಶ್ವರಿಯ ಪಾರಾಯಣ ಮಾಡುತ್ತಿರುತ್ತಾರೆ. ನನ್ನ ಶಿಬಿರ ಅದೇ.

ಜ್ಞಾನೇಶ್ವರರು 1296ರಲ್ಲಿ ಅಲ್ಲಿ ಸಂಜೀವನ ಸಮಾಧಿ, ಅಂದರೆ ಬದುಕಿರುವಾಗಲೇ ಸಮಾಧಿ, ತಗೊಂಡಾಗ ವಯಸ್ಸು ಇಪ್ಪತ್ತೊಂದು. ಗುಹೆಯ ಬಾಗಿಲಿಗೆ ಕಲ್ಲು ಮುಚ್ಚಿದವರು ಅವರ ಅಣ್ಣ ನಿವೃತ್ತಿನಾಥರೇ. ಅಣ್ಣನೂ ಹೌದು, ಗುರುವೂ ಹೌದು. ಆತ್ಮಕ್ಕೆ ಸಾವಿಲ್ಲ ಅಂತ ತಮ್ಮನಿಗೆ ಕಲಿಸಿದವರು. ಆದರೂ ಅವತ್ತು ಅವರು, ತಮ್ಮ ಸೋಪಾನ, ತಂಗಿ ಮುಕ್ತಾಬಾಯಿ ಎಲ್ಲರೂ ದುಃಖ ತಡೆಯಲಾರದೆ ಹೋದರು ಅಂತ ನಾಮದೇವರ ಅಭಂಗಗಳಲ್ಲಿ ಬರುತ್ತದೆ. ನನಗೆ ಇದು ಬಹಳ ಧೈರ್ಯ ಕೊಟ್ಟ ಮಾತು. ತಿಳಿದವರೂ ಅತ್ತರು. ನನ್ನ ಮಗ ಹೋದಾಗ, ಅಳಬೇಡಿ, ಆತ್ಮಕ್ಕೆ ಸಾವಿಲ್ಲ ಎಂದು ಬಂದವರೆಲ್ಲ ಹೇಳಿದರು. ಅಳಬೇಡಿ ಅಂತ ಯಾರಿಗೂ ಹೇಳಬೇಡಿ ದಯವಿಟ್ಟು.

ಚಾಂಗದೇವನ ಕಥೆಯೂ ಅಲ್ಲಿನದೇ. ಯೋಗಬಲದಿಂದ ಸಾವನ್ನು ತಪ್ಪಿಸಿಕೊಂಡು 1400 ವರ್ಷ ಬದುಕಿದ್ದನಂತೆ. ಜ್ಞಾನೇಶ್ವರರಿಗೆ ಪತ್ರ ಬರೆಯಲು ಕೂತ. ಹಿರಿಯ ಅಂತ ಬರೆಯಲೋ ಕಿರಿಯ ಅಂತ ಬರೆಯಲೋ ತಿಳಿಯದೆ ಖಾಲಿ ಕಾಗದ ಕಳಿಸಿದ. ಅದನ್ನು ನೋಡಿ ಮುಕ್ತಾಬಾಯಿ, ಇಷ್ಟು ವರ್ಷ ಬದುಕಿಯೂ ಇವನು ಖಾಲಿಯೇ ಉಳಿದ ಎಂದಳು. ಆಮೇಲೆ ಅವನಿಗೆ ಗುರುವಾದವಳು ಆ ಪುಟ್ಟ ಹುಡುಗಿಯೇ. ನನ್ನ ಮಗ ಹತ್ತೊಂಬತ್ತು ವರ್ಷ ಇದ್ದ. ಕಡಿಮೆ ಅಂತ ಎಷ್ಟು ಸಲ ಲೆಕ್ಕ ಹಾಕಿದ್ದೇನೆ. ಆ ಕಥೆ ನೆನಪಾದ ದಿನ ಲೆಕ್ಕ ನಿಲ್ಲುತ್ತದೆ.

ಖರಾಡಿ ಹುಡುಗ

ಮೋಶಿ ಅಕ್ಕ, ಮುಂದಿನ ಸಲ ಹೋಗುವಾಗ ಹೇಳಿ. ನಾನೂ ಬರುತ್ತೇನೆ.

ಕೋಥ್ರೂಡ್ ಅಕ್ಕನಿಗೆ ಒಂದು ಪ್ರಶ್ನೆ. ಚೀಟಿಯಲ್ಲಿ ನೀವು ಏನು ಬರೆದಿದ್ದಿರಿ? ಹೇಳಲು ಇಷ್ಟ ಇಲ್ಲದಿದ್ದರೆ ಬೇಡ.

ಧಾರವಾಡದ ಮಗಳು, ಕೋಥ್ರೂಡ್

ಹೇಳುತ್ತೇನೆ. ಆ ಒಂಬತ್ತು ದಿನ ವೆಂಟಿಲೇಟರ್ ಮೇಲೆ ಅಮ್ಮ ಇದ್ದಳಾ? ಅಪ್ಪ ಗಾಜಿನ ಈಚೆ ನಿಂತಿದ್ದು ಅವಳಿಗೆ ಗೊತ್ತಾಯಿತಾ? ಇದೇ ನನ್ನ ಚೀಟಿ.

ಸ್ವಾಮೀಜಿ ಅದನ್ನು ಓದಿ ಸುಮಾರು ಹೊತ್ತು ಸುಮ್ಮನಿದ್ದರು. ನಿಮ್ಮ ಅಮ್ಮನಿಗೆ ಏನು ಗೊತ್ತಾಯಿತು ಎಂದು ನಾನು ಹೇಳಲಾರೆ, ಹೇಳಿದರೆ ಸುಳ್ಳಾಗುತ್ತದೆ ಎಂದರು. ಆ ಮಾತಿಗೇ ನನಗೆ ಅವರ ಮೇಲೆ ನಂಬಿಕೆ ಬಂತು. ಆಮೇಲೆ ಗಾಢ ನಿದ್ದೆಯ ಉದಾಹರಣೆ ಕೊಟ್ಟರು. ಮಾಂಡೂಕ್ಯ ಉಪನಿಷತ್ತಿನಲ್ಲಿ ಎಚ್ಚರ, ಕನಸು, ನಿದ್ದೆ ಅಂತ ಮೂರು ಬರುತ್ತವಲ್ಲ, ಅದು. ಬೆಳಿಗ್ಗೆ ಎದ್ದು ನಾವು ಏನು ಹೇಳುತ್ತೇವೆ? ಒಳ್ಳೆ ನಿದ್ದೆ ಬಂತು, ಏನೂ ಗೊತ್ತಾಗಲಿಲ್ಲ. ಏನೂ ಗೊತ್ತಾಗಲಿಲ್ಲ ಅಂತ ಗೊತ್ತಾದದ್ದು ಯಾರಿಗೆ? ಆಗ ಹೆಸರು ಇರಲಿಲ್ಲ, ಊರು ಇರಲಿಲ್ಲ, ಮಗಳು ಗಂಡ ಯಾರೂ ಇರಲಿಲ್ಲ. ಆದರೂ ಮಲಗಿದವಳೂ ಎದ್ದವಳೂ ಒಬ್ಬಳೇ. ಆ ಇರುವಿಕೆಗೆ ಗಾಜು ಅಡ್ಡ ಬರುವುದಿಲ್ಲ ಎಂದರು.

ನನಗೆ ಪೂರ್ತಿ ಅರ್ಥವಾಗಿದೆ ಅಂತ ಹೇಳಲಾರೆ. ಆದರೆ ಅವತ್ತು ರಾತ್ರಿ ವರಾಂಡದಲ್ಲಿ ಕೂತು ಆ ಪ್ಲಾಸ್ಟಿಕ್ ಚೀಲವನ್ನು ಮೊದಲ ಸಲ ಬಿಚ್ಚಿದೆ. ಬಳೆಗಳ ಮೇಲೆ ಸಾಬೂನಿನ ಬಿಳಿ ಒಣಗಿ ಹಾಗೇ ಇತ್ತು.

ಶುಕ್ರವಾರ ರಾತ್ರಿ ರೈಲಿಗೆ ಧಾರವಾಡಕ್ಕೆ ಹೋಗುತ್ತಿದ್ದೇನೆ. ಅಪ್ಪನಿಗೆ ತಿಳಿಸಿದ್ದೇನೆ. ಯಾಕೆ ಎಂದು ಕೇಳಿದರು. ಸುಮ್ನೆ ಎಂದೆ.

ಡೊಂಬಿವಲಿ ಮಾಮ

ಹೋಗಿ ಬಾ ಮಗಳೇ. ಮಾತು ಹೇಗೆ ಶುರು ಮಾಡುವುದು ಅಂತ ಜಾಸ್ತಿ ಯೋಚಿಸಬೇಡ. ಸ್ವಲ್ಪ ದಿನ ಇದ್ದು ಬಾ.

ಇಂಡಿ ತಾಲೂಕಿನವ, ಗಿರಗಾಂವ್

ತಂಗೀ, ನಿನ್ನ ಉತ್ತರ ನಾಲ್ಕು ದಿನದಿಂದ ತಲೆಯಲ್ಲಿದೆ. ನಮ್ಮ ತಂದೆ ಹೋಗುವ ಹಿಂದಿನ ವಾರ ಊರಿನ ತಮ್ಮನನ್ನು ಕರೆಸು ಎಂದಿದ್ದರು. ಹೊಲದ ವಿಷಯಕ್ಕೆ ಇಪ್ಪತ್ತು ವರ್ಷ ಮಾತು ಬಿಟ್ಟಿದ್ದರು. ಜೀವನಪೂರ್ತಿ ನಾಮಸ್ಮರಣೆ ಮಾಡಿದ ಮನುಷ್ಯ. ಕಾಕಾ ಬಂದು ಕೂತ ಮೇಲೆ ಜಪಮಾಲೆ ಕೇಳಿದರು. ನನಗೆ ಅದು ಈಗ ಅರ್ಥವಾಗುತ್ತಿದೆ.

ಧಾರವಾಡದ ಮಗಳು, ಕೋಥ್ರೂಡ್

ಬುಧವಾರ ವಾಪಸ್ ಬಂದೆ. ಏನಾಯಿತು ಅಂತ ಬರೆಯುತ್ತೇನೆ.

ಮೊದಲ ದಿನ ಏನೂ ಆಗಲಿಲ್ಲ. ಅಪ್ಪ ಪೇಪರ್ ಓದಿದರು, ನಾನು ಅಡುಗೆಮನೆ ತೊಳೆದೆ. ರಾತ್ರಿ ಅವರು ಕುರ್ಚಿಯಲ್ಲೇ ಕೂತರು. ನಾನು ಅಲ್ಲೇ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡೆ. ಡೊಂಬಿವಲಿ ಮಾಮನ ಚಾಪೆ ನೆನಪಾಯಿತು. ಅಪ್ಪ, ಒಳಗ ಮಲ್ಕೋ, ಥಂಡಿ ಅದ ಎಂದರು. ನಾನು ಏಳಲಿಲ್ಲ.

ಮರುದಿನ ಸಂಜೆ ದೀಪ ಹಚ್ಚಿದ ಮೇಲೆ ಚೀಲ ತೆಗೆದು ಅವರ ಮುಂದೆ ಇಟ್ಟೆ. ಏನೂ ಹೇಳಲಿಲ್ಲ. ಕ್ಷಮೆ ಕೇಳಬೇಕು ಅಂತ ರೈಲಿನಲ್ಲಿ ಮಿರಜ್ ದಾಟುವವರೆಗೂ ಮಾತು ಜೋಡಿಸಿಕೊಂಡಿದ್ದೆ, ಒಂದೂ ಬರಲಿಲ್ಲ. ಅಪ್ಪ ಕನ್ನಡಕ ಹಾಕಿಕೊಂಡು ಬಳೆಗಳನ್ನು ಒಂದೊಂದಾಗಿ ಪಂಚೆಯ ತುದಿಯಿಂದ ಒರೆಸಿದರು. ಎಣಿಸಿದರು. ಹನ್ನೊಂದು ಇದ್ದವು. ಆಸ್ಪತ್ರೆಯಲ್ಲೇ ಒಂದು ಹೋಯಿತು ಅಂತ ನನ್ನ ಎದೆ ಧಸಕ್ಕೆಂದಿತು.

"ಒಂದು ಒಡದಿತ್ತು" ಎಂದರು ಅಪ್ಪ. "ನೀ ಪುಣೆಕ್ಕ ಕರ್ಕೊಂಡು ಹೋಗೋ ಹಿಂದಿನ ದಿನ. ಚಕ್ಕಲಿ ಒರಳು ಒತ್ತಾಕ ಹೋಗಿ. ಮಗಳ ಮನಿಗೆ ಹೊಂಟೀನಿ, ಬರೀ ಕೈಲೆ ಹೆಂಗ ಹೋಗಲಿ ಅಂತ."

ಆ ಚಕ್ಕಲಿ ಡಬ್ಬಿ ನನಗೆ ನೆನಪಿತ್ತು. ಆಮೇಲೆ ಅಪ್ಪ ಆ ಒಂಬತ್ತು ದಿನದ ಬಗ್ಗೆ ಒಂದೊಂದೇ ಕೇಳಿದರು. ಡಾಕ್ಟರ್ ಏನು ಹೇಳಿದ್ದರು, ಸಹಿ ಹಾಕದಿದ್ದರೆ ಏನಾಗುತ್ತಿತ್ತು, ನಾನು ಒಳಗೆ ಹೋದಾಗ ಅವಳ ಕೈ ಬೆಚ್ಚಗಿತ್ತಾ. ಬೆಚ್ಚಗಿತ್ತು ಎಂದೆ. ಅವರು ತಲೆ ಆಡಿಸಿದರು. ಇಬ್ಬರೂ ಅತ್ತೆವು.

ಬಳೆಗಳನ್ನು ದೇವರ ಮನೆಯ ಗೂಡಿನಲ್ಲಿ ಇಟ್ಟರು. ಊಟ ಆಯಿತು. ನಾನು ಮತ್ತೆ ಪಡಸಾಲೆಯಲ್ಲೇ ಚಾಪೆ ಹಾಸಿದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಕುರ್ಚಿ ಖಾಲಿ ಇತ್ತು. ಗಾಬರಿಯಾಗಿ ಎದ್ದು ಕೂತೆ. ಒಳಗಿನ ಕೋಣೆಯಿಂದ ಗೊರಕೆ ಕೇಳಿಸುತ್ತಿತ್ತು. ಹೋಗಿ ಬಾಗಿಲಲ್ಲಿ ನಿಂತು ನೋಡಿದೆ. ಮಂಚದ ಗೋಡೆ ಕಡೆಯ ಬದಿ ಅಮ್ಮನದು. ಅದನ್ನು ಬಿಟ್ಟು, ಈಚೆ ಬದಿಯಲ್ಲಿ ಅಪ್ಪ ಮಲಗಿದ್ದರು.